ಬೇರೆಡೆಯಿಂದ ಬಂದು ಹಬ್ಬುವ ಜೀವಿಗಳ ಜಾಡು ಹಿಡಿಯುವುದು ಹೇಗೆ

ಎಂದೂ ಕಾಣದ ಗಿಡವೊಂದು ಹೊಳೆಯ ದಂಡೆಯನ್ನು ಪೂರ್ತಿ ಆವರಿಸಿಕೊಂಡಾಗ, ಅಥವಾ ಹತ್ತಾರು ಬಗೆಯ ಮೀನು ಸಿಗುತ್ತಿದ್ದ ಕೆರೆಯಲ್ಲಿ ಒಂದೇ ಬಗೆಯದು ಬಲೆಗೆ ಬೀಳತೊಡಗಿದಾಗ, ಇದನ್ನು ತೆಗೆದುಹಾಕುವುದು ಹೇಗೆ ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ. ಆ ಪ್ರಶ್ನೆಯನ್ನು ಸ್ವಲ್ಪ ಕಾಲ ಬದಿಗಿಡಬೇಕೆಂದು ಕೇಳಿಕೊಳ್ಳುತ್ತೇನೆ. ಬಂದ ದಾರಿಯನ್ನು ಮುಚ್ಚದೆ ಕಿತ್ತ ಗಿಡ ಅದೇ ದಾರಿಯಲ್ಲಿ ಮರಳಿ ಬರುತ್ತದೆ. ಬಂದ ಮೇಲೆ ಅದು ಯಾವ ಯಾವ ಜೀವಿಗಳೊಡನೆ ನಂಟು ಬೆಳೆಸಿಕೊಂಡಿದೆ ಎಂದು ತಿಳಿಯದೆ ಕಿತ್ತರೆ, ತೆರವಾದ ಜಾಗದಲ್ಲಿ ಇನ್ನೂ ಕೆಟ್ಟದ್ದೊಂದು ಬಂದು ಕೂರುವುದುಂಟು. ಹೊಸ ಜೀವಿಯನ್ನು ಕಂಡ ದಿನದಿಂದ ಹಿಡಿದು ಅದನ್ನು ಹತೋಟಿಗೆ ತರುವ ತೀರ್ಮಾನದವರೆಗೆ ಯಾವ ಕ್ರಮದಲ್ಲಿ ಯೋಚಿಸಬೇಕು, ಏನನ್ನು ಬರೆದಿಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಹೆಸರು, ಆಮೇಲೆ ತೀರ್ಪು

ಹೊರಗಿನಿಂದ ಬಂದದ್ದೆಲ್ಲ ಹಾನಿಕರವಲ್ಲ. ಮೆಕ್ಕೆಜೋಳ, ಆಲೂಗಡ್ಡೆ, ಟೊಮೆಟೊ, ಮೆಣಸಿನಕಾಯಿ ಇವೆಲ್ಲ ಅಮೆರಿಕ ಖಂಡಗಳಿಂದ ಹೊರಟು ಜಗತ್ತನ್ನೆಲ್ಲ ಸುತ್ತಿದ ಬೆಳೆಗಳು; ಹೊಲದ ಬೇಲಿ ದಾಟಿ ಕಾಡನ್ನು ನುಂಗುವ ಶಕ್ತಿ ಅವುಗಳಿಗಿಲ್ಲ. ಜೀವವೈವಿಧ್ಯವನ್ನು ಕುರಿತ ಅಂತರಸರ್ಕಾರಿ ವೇದಿಕೆಯಾದ ಐಪಿಬಿಇಎಸ್ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮನುಷ್ಯರ ಚಟುವಟಿಕೆಯಿಂದ ಹೊಸ ನೆಲೆಗಳಿಗೆ ಹೋಗಿ ನೆಲೆಯೂರಿದ ಪ್ರಭೇದಗಳು 37,000ಕ್ಕೂ ಹೆಚ್ಚು. ಅವುಗಳಲ್ಲಿ ಹಾನಿ ಮಾಡುತ್ತವೆಂಬುದಕ್ಕೆ ಆಧಾರವಿರುವುದು ಸುಮಾರು 3,500ಕ್ಕೆ. ಇವನ್ನೇ ಆಕ್ರಮಣಕಾರಿ ಪ್ರಭೇದಗಳೆನ್ನುತ್ತಾರೆ. ಅವುಗಳ ಪಾಲು ಚಿಕ್ಕದಾಗಿ ಕಂಡರೂ, ದಾಖಲಾದ ಅಳಿವುಗಳಲ್ಲಿ ಶೇಕಡ 60ರಷ್ಟರಲ್ಲಿ ಅವುಗಳ ಕೈವಾಡವಿದೆ ಎಂದು ಅದೇ ವರದಿ ಹೇಳುತ್ತದೆ.

ಆದ್ದರಿಂದ ಮೊದಲ ಕೆಲಸ ಖಚಿತವಾಗಿ ಗುರುತಿಸುವುದು. ಗಿಡವಾದರೆ ಎಲೆಯ ಎರಡೂ ಬದಿ, ಕಾಂಡಕ್ಕೆ ಎಲೆ ಸೇರುವ ಜಾಗ, ಹೂ, ಕಾಯಿ ಇವುಗಳ ಚಿತ್ರವನ್ನು ಬೇರೆ ಬೇರೆಯಾಗಿ ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿಯನ್ನೋ ನಾಣ್ಯವನ್ನೋ ಇಟ್ಟರೆ ಗಾತ್ರ ತಿಳಿಯುತ್ತದೆ. ಕೀಟವಾದರೆ ಮೇಲಿನಿಂದ, ಪಕ್ಕದಿಂದ, ಮತ್ತು ಅದು ಯಾವ ಗಿಡದ ಮೇಲೆ ಕೂತಿತ್ತೋ ಆ ಗಿಡದ ಸಮೇತ ಚಿತ್ರ ಬೇಕು. ದಿನಾಂಕ ಮತ್ತು ಜಾಗದ ನಿಖರ ಗುರುತು ಇಲ್ಲದ ಚಿತ್ರದಿಂದ ಹೆಚ್ಚಿನ ಪ್ರಯೋಜನವಿಲ್ಲ. ಐನ್ಯಾಚುರಲಿಸ್ಟ್‌ನಂತಹ ಜಾಲತಾಣಗಳಲ್ಲಿ ಚಿತ್ರ ಹಾಕಿದರೆ ಬಲ್ಲವರು ಹೆಸರು ಸೂಚಿಸುತ್ತಾರೆ. ಆದರೂ ಅಷ್ಟಕ್ಕೇ ನಿಲ್ಲದೆ, ಹೋಲಿಕೆಯುಳ್ಳ ಸ್ಥಳೀಯ ಪ್ರಭೇದ ಯಾವುದಾದರೂ ಇದೆಯೇ ಎಂದು ಸಸ್ಯ ಸಂಗ್ರಹಾಲಯದವರನ್ನೋ ಕೀಟತಜ್ಞರನ್ನೋ ಕೇಳಿ ನೋಡಿ. ಪರಕೀಯವೆಂದು ತಿಳಿದು ಅಪರೂಪದ ಸ್ಥಳೀಯ ಗಿಡವನ್ನು ಬೇರುಸಹಿತ ಕಿತ್ತರೆ, ಆದ ನಷ್ಟವನ್ನು ತುಂಬುವ ದಾರಿಯೇ ಇಲ್ಲ.

ಹೆಸರು ಸಿಕ್ಕ ಮೇಲೆ ಎರಡು ವಿಷಯ ಹುಡುಕಿ: ಅದರ ಮೂಲ ನೆಲೆ ಯಾವುದು, ಮತ್ತು ಅದು ಬೇರೆಲ್ಲಾದರೂ ಹಬ್ಬಿ ತೊಂದರೆ ಕೊಟ್ಟಿದೆಯೇ. ಎರಡನೆಯದೇ ಹೆಚ್ಚು ಮುಖ್ಯ. ಒಂದು ಕಡೆ ಹಬ್ಬಿದ ಜೀವಿ, ಅದೇ ಬಗೆಯ ಹವಾಮಾನವಿರುವ ಇನ್ನೊಂದು ಕಡೆಯಲ್ಲೂ ಹಬ್ಬುವ ಸಾಧ್ಯತೆ ಹೆಚ್ಚು. ಹೊಸ ಗಿಡಗಳನ್ನು ಒಳಗೆ ಬಿಡಬೇಕೋ ಬೇಡವೋ ಎಂದು ನಿರ್ಧರಿಸಲು ಆಸ್ಟ್ರೇಲಿಯಾ 1997ರಿಂದ ಬಳಸುತ್ತಿರುವ 49 ಪ್ರಶ್ನೆಗಳ ಪಟ್ಟಿಯಲ್ಲೂ ಈ ಇತಿಹಾಸಕ್ಕೆ ದೊಡ್ಡ ಸ್ಥಾನವಿದೆ.

ಇಲ್ಲಿ ಒಂದು ತಪ್ಪು ಸಮಾಧಾನದ ಬಗ್ಗೆ ಎಚ್ಚರಿಕೆ ಅಗತ್ಯ. ‘ಈ ಗಿಡ ಮೂವತ್ತು ವರ್ಷದಿಂದ ತೋಟದಲ್ಲೇ ಇದೆ, ಏನೂ ಆಗಿಲ್ಲ’ ಎಂಬ ಮಾತು ಪುರಾವೆಯಾಗುವುದಿಲ್ಲ. ಜರ್ಮನಿಯ ಬ್ರಾಂಡೆನ್‌ಬುರ್ಗ್ ಪ್ರದೇಶಕ್ಕೆ ತಂದ ಮರ ಮತ್ತು ಪೊದೆಗಳ ಹಳೆಯ ದಾಖಲೆಗಳನ್ನು ಪರಿಶೀಲಿಸಿದ ಪರಿಸರ ವಿಜ್ಞಾನಿ ಇಂಗೊ ಕೊವಾರಿಕ್, ನೆಟ್ಟಂದಿನಿಂದ ಅವು ತಾವಾಗಿಯೇ ಹರಡಲು ತೊಡಗುವವರೆಗೆ ಸರಾಸರಿ 147 ವರ್ಷ ಹಿಡಿದದ್ದನ್ನು ಕಂಡರು. ಪರಾಗ ಒಯ್ಯುವ ಕೀಟವೊಂದು ಬಂದು ಸೇರುವುದು, ಹವಾಮಾನ ತುಸು ಬಿಸಿಯಾಗುವುದು, ಪಕ್ಕದ ಕಾಡು ಕಡಿದು ಬಿಸಿಲು ಬೀಳುವುದು, ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಸುಮ್ಮನಿದ್ದದ್ದು ಓಡತೊಡಗಲು.

ಬಂದ ದಾರಿಯನ್ನು ಹುಡುಕುವುದು

ಜೀವಿಗಳು ಹೊಸ ಜಾಗಕ್ಕೆ ಬರುವ ದಾರಿಗಳನ್ನು ತಜ್ಞರು ಆರು ಬಗೆಯಾಗಿ ವಿಂಗಡಿಸುತ್ತಾರೆ: ಬೇಕೆಂದೇ ತಂದು ಬಿಡುವುದು, ಸಾಕಿದಲ್ಲಿಂದ ತಪ್ಪಿಸಿಕೊಳ್ಳುವುದು, ಸರಕಿನೊಳಗೆ ಬೆರೆತು ಬರುವುದು, ವಾಹನಕ್ಕೋ ಹಡಗಿಗೋ ಅಂಟಿ ಬರುವುದು, ಮನುಷ್ಯ ತೋಡಿದ ಕಾಲುವೆಯಂತಹ ಹಾದಿಯಲ್ಲಿ ಸಾಗಿ ಬರುವುದು, ಕೊನೆಯದಾಗಿ ಈಗಾಗಲೇ ನೆಲೆಯೂರಿದ ಪಕ್ಕದ ಪ್ರದೇಶದಿಂದ ತಾನೇ ಹರಡುವುದು. ನಿಮ್ಮ ಮುಂದಿರುವ ಜೀವಿ ಇವುಗಳಲ್ಲಿ ಯಾವ ಬಾಗಿಲಿನಿಂದ ಬಂದಿರಬಹುದು ಎಂದು ಒಂದೊಂದನ್ನೇ ಕೇಳಿಕೊಳ್ಳುತ್ತಾ ಹೋಗಿ.

ಬೇಕೆಂದೇ ತಂದ ಕಥೆಗಳು ಸಾಮಾನ್ಯವಾಗಿ ದಾಖಲೆಯಲ್ಲೇ ಸಿಗುತ್ತವೆ. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಆಸೆಗೆ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಬಿಟ್ಟ ಕೆಲವೇ ಕಾಡುಮೊಲಗಳ ಸಂತತಿ ಖಂಡದ ಬಹುಪಾಲಿಗೆ ಹಬ್ಬಿ, ಹಲವೆಡೆ ನೆಲವನ್ನು ಮೇಯ್ದು ಬೋಳಾಗಿಸಿತು. 1935ರಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಕಬ್ಬಿನ ಗದ್ದೆಗಳ ದುಂಬಿಯನ್ನು ತಿನ್ನಲೆಂದು ಹವಾಯಿಯಿಂದ ಸುಮಾರು ನೂರು ಕೇನ್ ಟೋಡ್ ಕಪ್ಪೆಗಳನ್ನು ತಂದರು. ಅವು ದುಂಬಿಯನ್ನು ಹತೋಟಿಗೆ ತರಲಿಲ್ಲ, ತಮ್ಮನ್ನು ತಿಂದ ಸ್ಥಳೀಯ ಪ್ರಾಣಿಗಳನ್ನು ವಿಷದಿಂದ ಕೊಂದವು. ಒಳಿತಿನ ಉದ್ದೇಶದಿಂದ ತಂದದ್ದೇ ಇಷ್ಟು ಕೆಡುಕಾಗುವುದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ತಪ್ಪಿಸಿಕೊಂಡವುಗಳ ಮೂಲ ಹುಡುಕಲು ಸುತ್ತಲಿನ ತೋಟ, ನರ್ಸರಿ, ಮೀನಿನ ತೊಟ್ಟಿ, ಸಾಕುಪ್ರಾಣಿಗಳ ಮಾರಾಟ ಇವುಗಳತ್ತ ನೋಡಬೇಕು. ಅಟ್ಲಾಂಟಿಕ್ ಸಾಗರದ ಪಶ್ಚಿಮ ಭಾಗದಲ್ಲಿ ಇಂದು ಹವಳದ ದಿಬ್ಬಗಳ ಮರಿಮೀನುಗಳನ್ನು ಮುಕ್ಕುತ್ತಿರುವ ಸಿಂಹಮೀನು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನದು. ಫ್ಲಾರಿಡಾ ಬಳಿ 1985ರಲ್ಲಿ ಮೊದಲು ಕಂಡ ಅದು ಅಕ್ವೇರಿಯಂಗಳಿಂದ ಹೊರಬಂದದ್ದೆಂದೇ ತಜ್ಞರ ಅಭಿಪ್ರಾಯ. ಅದೇ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬರ್ಮಾ ಹೆಬ್ಬಾವುಗಳು ಹೆಚ್ಚಿದ ಮೇಲೆ ರಕೂನ್ ಎಂಬ ಸಣ್ಣ ಸಸ್ತನಿಗಳು ಕಣ್ಣಿಗೆ ಬೀಳುವುದು ಶೇಕಡ 99ರಷ್ಟು ಇಳಿಯಿತೆಂದು 2012ರ ಅಧ್ಯಯನವೊಂದು ತೋರಿಸಿತು.

ಕಣ್ಣಿಗೆ ಕಾಣದೆ ಬರುವ ದಾರಿಗಳು ಇನ್ನೂ ಕಠಿಣ. ಸರಕು ಇಳಿಸಿ ಹಗುರಾದ ಹಡಗು ಸಮತೋಲ ತಪ್ಪದಂತೆ ತನ್ನ ತೊಟ್ಟಿಗಳಿಗೆ ಬಂದರಿನ ನೀರನ್ನೇ ತುಂಬಿಕೊಳ್ಳುತ್ತದೆ. ಇದನ್ನು ಬ್ಯಾಲಾಸ್ಟ್ ನೀರು ಎನ್ನುತ್ತಾರೆ. ಆ ನೀರಿನೊಡನೆ ಮೊಟ್ಟೆ, ಮರಿ, ಪಾಚಿ, ಸೂಕ್ಷ್ಮಜೀವಿ ಎಲ್ಲವೂ ಒಳಸೇರಿ, ಸಾವಿರಾರು ಕಿಲೋಮೀಟರ್ ಆಚೆ ಸರಕು ತುಂಬುವಾಗ ಹೊರಬೀಳುತ್ತವೆ. ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಪ್ರದೇಶದ ಜೀಬ್ರಾ ಮಸೆಲ್ ಎಂಬ ಬೆರಳುಗುರಿನಷ್ಟು ದೊಡ್ಡ ಚಿಪ್ಪುಜೀವಿ ಉತ್ತರ ಅಮೆರಿಕದ ಮಹಾಸರೋವರಗಳಿಗೆ ಹೋದದ್ದು ಹೀಗೆ. ಅದು ಅಲ್ಲಿ 1988ರಲ್ಲಿ ಪತ್ತೆಯಾಯಿತು. ಈ ದಾರಿಯನ್ನು ಮುಚ್ಚಲು 2004ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬರಲು 2017ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಹಳೆಯ ಟೈರುಗಳ ಸಾಗಣೆ ಇನ್ನೊಂದು ದಾರಿ: ಏಷ್ಯಾದ ಹುಲಿಸೊಳ್ಳೆಯ ಮೊಟ್ಟೆಗಳು ಒಣಗಿದರೂ ಸಾಯದೆ ಟೈರಿನೊಳಗೆ ಅಂಟಿಕೊಂಡಿರುತ್ತವೆ, ಮಳೆನೀರು ಬಿದ್ದಾಗ ಒಡೆಯುತ್ತವೆ. 1869ರಲ್ಲಿ ತೆರೆದ ಸೂಯೆಜ್ ಕಾಲುವೆಯಂತೂ ಕೆಂಪು ಸಮುದ್ರದ ನೂರಾರು ಪ್ರಭೇದಗಳಿಗೆ ಮೆಡಿಟರೇನಿಯನ್ನಿನ ಹೆಬ್ಬಾಗಿಲಾಗಿದೆ.

ನೆಲದ ಮೇಲೆ ಜಾಡು ಹಿಡಿಯುವ ಕ್ರಮ ಹೀಗಿರಲಿ. ಜೀವಿ ಕಂಡ ಪ್ರತಿ ಜಾಗವನ್ನೂ ನಕ್ಷೆಯಲ್ಲಿ ಗುರುತಿಸಿ, ಅದರ ಪಕ್ಕದಲ್ಲಿ ಗುಂಪಿನ ಗಾತ್ರವನ್ನೂ ಅತಿ ಹಳೆಯ ಗಿಡದ ಕಾಂಡದ ಸುತ್ತಳತೆಯನ್ನೂ ಬರೆಯಿರಿ. ಅತಿ ಹಳೆಯ, ಅತಿ ದಟ್ಟವಾದ ಗುಂಪು ಎಲ್ಲಿದೆಯೋ ಬಾಗಿಲು ಸಾಮಾನ್ಯವಾಗಿ ಅದರ ಹತ್ತಿರದಲ್ಲೇ ಇರುತ್ತದೆ. ಗುರುತುಗಳು ರಸ್ತೆಯ ಅಂಚಿನಲ್ಲಿ ಸಾಲಾಗಿದ್ದರೆ ವಾಹನದ ಚಕ್ರ ಅಥವಾ ಹೊರಗಿನಿಂದ ತಂದ ಮಣ್ಣು ಜಲ್ಲಿಯನ್ನು ಅನುಮಾನಿಸಿ. ಹೊಳೆಯುದ್ದಕ್ಕೂ ಇದ್ದರೆ ಹರಿವಿನ ಮೇಲ್ಭಾಗಕ್ಕೆ ನಡೆಯುತ್ತಾ ಎಲ್ಲಿ ನಿಲ್ಲುತ್ತವೋ ನೋಡಿ. ದೊಡ್ಡ ಮರಗಳ ಕೆಳಗೆ ಮಾತ್ರ ಸಸಿಗಳು ಕಂಡರೆ ಕೊಂಬೆಯ ಮೇಲೆ ಕೂತು ಹಿಕ್ಕೆ ಹಾಕಿದ ಹಕ್ಕಿಗಳೇ ಬೀಜ ತಂದಿರುತ್ತವೆ. ಲಂಟಾನ ಹರಡಿದ್ದು ಹೆಚ್ಚಾಗಿ ಹೀಗೆ. ತೋಟದ ಅಲಂಕಾರಕ್ಕೆಂದು ಖಂಡಾಂತರ ಮಾಡಿಸಿದವನು ಮನುಷ್ಯ, ಹಣ್ಣು ತಿಂದು ಕಾಡಿನೊಳಕ್ಕೆ ಒಯ್ದವು ಹಕ್ಕಿಗಳು. ಆ ಪ್ರದೇಶದಲ್ಲಿ ಬಹುಕಾಲ ಬಾಳಿದ ಹಿರಿಯರನ್ನು, ಮೀನು ಹಿಡಿಯುವವರನ್ನು, ಕುರಿ ಮೇಯಿಸುವವರನ್ನು ಕೇಳಲು ಮರೆಯಬೇಡಿ. ಮೊದಲು ಎಲ್ಲಿ, ಯಾವ ಮಳೆಗಾಲದ ನಂತರ ಕಂಡಿರಿ ಎಂಬ ಪ್ರಶ್ನೆಗೆ ಅವರು ಕೊಡುವ ಉತ್ತರ ಎಷ್ಟೋ ಸಲ ಸಸ್ಯ ಸಂಗ್ರಹಾಲಯದಲ್ಲಿ ಒಣಗಿಸಿ ಅಂಟಿಸಿಟ್ಟ ಮಾದರಿಯ ಹಾಳೆಗಿಂತ ಹಳೆಯದಾಗಿರುತ್ತದೆ.

ನೆಲೆಯೂರಲು ಏನು ಒದಗಿತು

ಈ ಭಾಗ ಚಿಕ್ಕದು. ಮೂರು ವಿಷಯ ಪರಿಶೀಲಿಸಿದರೆ ಸಾಕು. ಒಂದು, ಎಷ್ಟು ಸಲ, ಎಷ್ಟು ಸಂಖ್ಯೆಯಲ್ಲಿ ಬಂತು. ಒಮ್ಮೆ ಬಂದ ನಾಲ್ಕು ಬೀಜ ಸಾಯಬಹುದು, ವರ್ಷವರ್ಷವೂ ಬರುವ ಮೂಟೆಯ ಬೀಜದಲ್ಲಿ ಕೆಲವಾದರೂ ಉಳಿಯುತ್ತವೆ. ಎರಡು, ತವರಿನಲ್ಲಿ ಅದನ್ನು ತಿಂದು ಹದ್ದುಬಸ್ತಿನಲ್ಲಿಡುತ್ತಿದ್ದ ಕೀಟ, ರೋಗ, ಬೇಟೆಗಾರ ಪ್ರಾಣಿಗಳು ಇಲ್ಲಿ ಇವೆಯೇ. ಮೂರು, ನೆಲವೋ ನೀರೋ ಮೊದಲೇ ಕದಡಿ ಹೋಗಿತ್ತೇ. ಕೊಳಚೆ ಸೇರಿ ಸಾರಜನಕ, ರಂಜಕ ಹೆಚ್ಚಿದ ಕೆರೆಯಲ್ಲಿ ವಾಟರ್ ಹಯಸಿಂತ್ ಎಂಬ ಜಲಕಳೆ ಎರಡೇ ವಾರದಲ್ಲಿ ಇಮ್ಮಡಿಯಾಗಬಲ್ಲದು. ಅಂಥಲ್ಲಿ ಕೊಳಚೆಯ ಹರಿವನ್ನು ತಡೆಯದೆ ಕಳೆಯನ್ನಷ್ಟೇ ಎಳೆದು ದಡಕ್ಕೆ ಹಾಕುವುದು ಮುಗಿಯದ ಕೂಲಿ.

ಹಾನಿಯನ್ನು ಅಳೆಯುವುದು

ಹೊಸ ಜೀವಿ ಏನನ್ನು ತಿನ್ನುತ್ತಿದೆ ಎಂದಷ್ಟೇ ನೋಡುವವರು ಹಾನಿಯ ಅರ್ಧವನ್ನು ಕಾಣುವುದಿಲ್ಲ. ಅದು ತಿಂದದ್ದನ್ನು ನಂಬಿ ಬದುಕಿದ್ದವರು ಯಾರು, ಆ ಬದುಕಿನ ಮೇಲೆ ಇನ್ನಾರು ನಿಂತಿದ್ದರು ಎಂದು ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಎಣಿಸಬೇಕು.

ಇದಕ್ಕೆ ಪೆಸಿಫಿಕ್‌ನ ಗ್ವಾಮ್ ದ್ವೀಪದಷ್ಟು ನೋವಿನ ಪಾಠ ಇನ್ನೊಂದಿಲ್ಲ. ಎರಡನೆಯ ಮಹಾಯುದ್ಧದ ನಂತರ ಸೇನಾ ಸರಕಿನೊಡನೆ ಕಂದು ಮರಹಾವು ಅಲ್ಲಿಗೆ ಸೇರಿತು. ಹಾವಿನ ಅಭ್ಯಾಸವೇ ಇಲ್ಲದ ಹಕ್ಕಿಗಳು ಗೂಡಿನಲ್ಲೇ ಕೂತು ಅದಕ್ಕೆ ಆಹಾರವಾದವು. ಹಕ್ಕಿಗಳು ಮಾಯವಾಗುತ್ತಿರುವುದಕ್ಕೆ ಕೀಟನಾಶಕವನ್ನೂ ರೋಗವನ್ನೂ ಜನ ಶಂಕಿಸುತ್ತಿದ್ದ ಕಾಲದಲ್ಲಿ, ಹಾವು ಹರಡಿದ ಕ್ರಮವನ್ನೂ ಹಕ್ಕಿಗಳು ಕಣ್ಮರೆಯಾದ ಕ್ರಮವನ್ನೂ ನಕ್ಷೆಯಲ್ಲಿ ಜೋಡಿಸಿ ನಿಜವನ್ನು ತೋರಿಸಿದವರು ಜೀವವಿಜ್ಞಾನಿ ಜೂಲಿ ಸ್ಯಾವಿಜ್; ಆ ಅಧ್ಯಯನ ಪ್ರಕಟವಾದದ್ದು 1987ರಲ್ಲಿ. ಕಾಡಿನ 12 ಸ್ಥಳೀಯ ಹಕ್ಕಿಗಳಲ್ಲಿ 10 ಆ ದ್ವೀಪದಿಂದ ಇಲ್ಲವಾದವು. ಅಲ್ಲಿಗೇ ನಿಲ್ಲಲಿಲ್ಲ. ಹಣ್ಣು ನುಂಗಿ ಬೀಜವನ್ನು ದೂರ ಬಿತ್ತುವವರಿಲ್ಲದೆ ಬೀಜಗಳು ತಾಯಿಮರದ ಕೆಳಗೇ ಉದುರಿ ಉಳಿದವು, ಹೊಸ ಸಸಿಗಳು ಕಡಿಮೆಯಾದವು. ಹುಳುಗಳನ್ನು ತಿನ್ನುವ ಹಕ್ಕಿಗಳಿಲ್ಲದ ಕಾಡಿನಲ್ಲಿ, ಮಳೆಗಾಲದಲ್ಲಿ ಜೇಡರ ಬಲೆಗಳು ಪಕ್ಕದ ದ್ವೀಪಗಳಿಗಿಂತ 40 ಪಟ್ಟು ಹೆಚ್ಚಿದ್ದವು. ಹಾವು ಮರವನ್ನು ಮುಟ್ಟಲೂ ಇಲ್ಲ, ಜೇಡವನ್ನು ಸಾಕಲೂ ಇಲ್ಲ. ಆದರೂ ಇಡೀ ಕಾಡು ಬದಲಾಯಿತು.

ಹಿಂದೂ ಮಹಾಸಾಗರದ ಕ್ರಿಸ್ಮಸ್ ದ್ವೀಪದಲ್ಲಿ ಇಬ್ಬರು ಪರಕೀಯರು ಕೈಜೋಡಿಸಿದರು. ಅಲ್ಲಿನ ಕಾಡಿನ ನೆಲವನ್ನು ಗುಡಿಸುತ್ತಿದ್ದವು ಕೆಂಪು ಏಡಿಗಳು. ಉದುರಿದ ಎಲೆಯನ್ನೂ ಮೊಳೆತ ಸಸಿಯನ್ನೂ ತಿಂದು ನೆಲವನ್ನು ತೆರೆದಿಡುತ್ತಿದ್ದವು. ಹೊರಗಿನಿಂದ ಬಂದ ‘ಯೆಲ್ಲೊ ಕ್ರೇಜಿ’ ಎಂಬ ಹಳದಿ ಇರುವೆಗಳು ದಶಕಗಳ ಕಾಲ ಹೆಚ್ಚು ಸದ್ದಿಲ್ಲದೆ ಇದ್ದವು. ಹೊರಗಿನದೇ ಆದ ಶಲ್ಕ ಕೀಟಗಳು ಮರದ ರಸ ಹೀರಿ ಸ್ರವಿಸುವ ಸಿಹಿ ಅಂಟು ಹೇರಳವಾಗಿ ಸಿಕ್ಕ ಮೇಲೆ ಇರುವೆಗಳ ಸಂಖ್ಯೆ ಮಿತಿಮೀರಿತು. ಅವು ಸಿಂಪಡಿಸಿದ ಆಮ್ಲಕ್ಕೆ ಒಂದು ಕೋಟಿಗೂ ಹೆಚ್ಚು ಏಡಿಗಳು ಸತ್ತವೆಂಬ ಅಂದಾಜಿದೆ. ಏಡಿಯಿಲ್ಲದ ನೆಲದಲ್ಲಿ ಎಲೆ ರಾಶಿಯಾಯಿತು, ಸಸಿಗಳು ದಟ್ಟವಾಗಿ ಎದ್ದವು, ಏಡಿಗಳ ಕಾರಣ ಕಾಡೊಳಗೆ ಕಾಲಿಡಲಾರದಿದ್ದ ಆಫ್ರಿಕದ ದೈತ್ಯ ಬಸವನಹುಳುವೂ ಒಳಬಂತು. ಒಬ್ಬ ಅತಿಥಿ ಇನ್ನೊಬ್ಬನಿಗೆ ಬಾಗಿಲು ತೆರೆಯುವ ಈ ಬಗೆಯನ್ನು ನೀವು ನೋಡುವ ಜಾಗದಲ್ಲೂ ಹುಡುಕಬೇಕು.

ಕೆಲವು ಜೀವಿಗಳು ನೆಲದ ನಿಯಮವನ್ನೇ ತಿದ್ದುತ್ತವೆ. ಹವಾಯಿಯ ಎಳೆಯ ಲಾವಾ ಮಣ್ಣಿನಲ್ಲಿ ಸಾರಜನಕ ಬಹಳ ಕಡಿಮೆ, ಸ್ಥಳೀಯ ಗಿಡಗಳು ಆ ಬಡತನಕ್ಕೆ ಒಗ್ಗಿಕೊಂಡಿದ್ದವು. ಬೇರಿನಲ್ಲಿ ಸಾರಜನಕ ಹಿಡಿದಿಡುವ ‘ಫಯಾ’ ಮರ ಬಂದು ಮಣ್ಣನ್ನು ಸಿರಿವಂತವಾಗಿಸಿದಾಗ, ಬಡತನದಲ್ಲಿ ಬಾಳಲು ಕಲಿತ ಗಿಡಗಳಿಗೆ ಇದ್ದ ಮೇಲುಗೈ ತಪ್ಪಿತು. ಅಮೆರಿಕದ ಪಶ್ಚಿಮದ ಒಣ ಬಯಲುಗಳಲ್ಲಿ ‘ಚೀಟ್‌ಗ್ರಾಸ್’ ಎಂಬ ಹುಲ್ಲು ಬೇಸಿಗೆಗೆ ಮೊದಲೇ ಒಣಗಿ, ಪೊದೆಗಳ ನಡುವಿನ ಬರಿನೆಲದಲ್ಲೆಲ್ಲ ಬೆಂಕಿಗೆ ಸೇತುವೆ ಕಟ್ಟುತ್ತದೆ. ಬೆಂದ ಪೊದೆ ಮರಳಿ ಚಿಗುರುವುದರೊಳಗೆ ಹುಲ್ಲು ಮತ್ತೆ ಎದ್ದು ಮತ್ತೆ ಉರಿಯುತ್ತದೆ. ಜೀಬ್ರಾ ಮಸೆಲ್ ಒಂದೊಂದೂ ದಿನಕ್ಕೆ ಸುಮಾರು ಒಂದು ಲೀಟರ್ ನೀರನ್ನು ಸೋಸುತ್ತದೆ. ನೀರು ತಿಳಿಯಾಗಿ ನೋಡುವವರಿಗೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಸೋಸಿಹೋದದ್ದು ಮರಿಮೀನುಗಳ ಅನ್ನ.

ಅಳತೆಯ ವಿಧಾನ ಸರಳವಾಗಿರಲಿ. ಜೀವಿ ಹಬ್ಬಿದ ಕಡೆ ಮತ್ತು ಇನ್ನೂ ಹಬ್ಬದ ಕಡೆ, ಮಣ್ಣು, ಇಳಿಜಾರು, ನೆರಳು ಆದಷ್ಟು ಒಂದೇ ರೀತಿಯಿರುವ ಜಾಗಗಳನ್ನು ಜೋಡಿಯಾಗಿ ಆರಿಸಿ. ಪ್ರತಿ ಕಡೆಯೂ ಒಂದು ಮೀಟರ್ ಚೌಕಗಳನ್ನು ಹಗ್ಗದಿಂದ ಗುರುತು ಮಾಡಿ. ಒಳ್ಳೆಯ ಜಾಗವನ್ನೇ ಆಯುವ ಆಸೆಗೆ ಬೀಳದಂತೆ, ಮೊದಲೇ ನಿಗದಿ ಮಾಡಿದ ಹೆಜ್ಜೆಗಳ ಅಂತರದಲ್ಲಿ ಚೌಕಗಳು ಬರಲಿ. ಪ್ರತಿ ಚೌಕದಲ್ಲಿ ಗಿಡಗಳ ಬಗೆ, ಸ್ಥಳೀಯ ಮರಗಳ ಎಳೆಸಸಿಗಳ ಸಂಖ್ಯೆ, ಬಿದ್ದೆಲೆಯ ದಪ್ಪ, ಎಲೆಯಡಿಯ ಹುಳುಗಳು ಇಷ್ಟನ್ನು ಎಣಿಸಿ. ಎಳೆಸಸಿಗಳ ಎಣಿಕೆಯನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಹೇಳುತ್ತೇನೆ, ಏಕೆಂದರೆ ತಲೆಯೆತ್ತಿ ನೋಡಿದರೆ ಕಾಡು ಹಸಿರಾಗಿಯೇ ಇರುವಾಗಲೂ ಕೆಳಗೆ ಅದರ ಮುಂದಿನ ಪೀಳಿಗೆ ನಿಂತುಹೋಗಿರಬಹುದು. ವರ್ಷದಲ್ಲಿ ಎರಡು ಸಲ, ಅದೇ ತಿಂಗಳುಗಳಲ್ಲಿ, ಅದೇ ಚೌಕಗಳಿಗೆ ಮರಳಿ.

ಹೊಸ ಬಾಗಿಲು ತೆರೆಯದಿರುವುದು

ಅಂಟಾರ್ಕ್ಟಿಕಾಕ್ಕೆ ಹೋಗುವವರ ಬಟ್ಟೆ, ಬೂಟು, ಚೀಲಗಳನ್ನು 2007–08ರ ಬೇಸಿಗೆಯಲ್ಲಿ ಸಂಶೋಧಕರು ಶೋಧಿಸಿದಾಗ, ಬೀಜ ಹೊತ್ತಿದ್ದ ಪ್ರತಿಯೊಬ್ಬರ ಬಳಿಯೂ ಸರಾಸರಿ 9.5 ಬೀಜ ಸಿಕ್ಕವು. ಕಾಡಿನಿಂದ ಕಾಡಿಗೆ ಹೋಗುವ ಮೊದಲು ಬೂಟಿನ ಅಡಿಯ ಮಣ್ಣನ್ನು ಬ್ರಷ್‌ನಿಂದ ಕೆರೆದು, ಚೀಲದ ಮಡಿಕೆ ಮತ್ತು ಜೇಬಿನ ಹೊಲಿಗೆಗಳನ್ನು ಕೊಡವಿರಿ. ದೋಣಿ, ಬಲೆ, ಈಜುಡುಗೆಗಳನ್ನು ಒಂದು ನೀರಿನಿಂದ ಇನ್ನೊಂದಕ್ಕೆ ಒಯ್ಯುವ ಮುನ್ನ ತೊಳೆದು, ನಿಂತ ನೀರನ್ನು ಪೂರ್ತಿ ಬಸಿದು, ಚೆನ್ನಾಗಿ ಒಣಗಿಸಬೇಕು. ಮೀನಿನ ತೊಟ್ಟಿಯ ಮೀನು, ಗಿಡ, ನೀರು ಯಾವುದನ್ನೂ ಕೆರೆಗೋ ಚರಂಡಿಗೋ ಸುರಿಯಬಾರದು. ಹೊರದೇಶದಿಂದ ಮರದ ಪೆಟ್ಟಿಗೆಯಲ್ಲಿ ಸರಕು ಬಂದರೆ ಗೋಧಿ ತೆನೆಯ ಚಿತ್ರವಿರುವ ಮುದ್ರೆ ಇದೆಯೇ ನೋಡಿ. ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಕಾಯುವಂತೆ ಮಾಡಿದೆ, ಅಥವಾ ಒಪ್ಪಿತವಾದ ಇನ್ನೊಂದು ವಿಧಾನದಿಂದ ಒಳಗಿನ ಹುಳುಗಳನ್ನು ಕೊಂದಿದೆ ಎಂಬುದರ ಗುರುತು ಅದು. ಸೌದೆಯನ್ನು ದೂರದೂರಿಗೆ ಒಯ್ಯದೆ ಸಿಕ್ಕಲ್ಲೇ ಬಳಸುವುದೂ ಇಷ್ಟೇ ಮುಖ್ಯ.

ಕೈ ಹಾಕುವಾಗ

ಬೇಗ ಕಂಡುಹಿಡಿದರೆ ನಿರ್ಮೂಲನ ಸಾಧ್ಯ, ತಡವಾದರೆ ಹತೋಟಿಯಷ್ಟೇ ಸಾಧ್ಯ. ಕಾಲರ್ಪಾ ಟ್ಯಾಕ್ಸಿಫೋಲಿಯಾ ಎಂಬ ಅಕ್ವೇರಿಯಂ ಪಾಚಿ ಎರಡು ಕಡೆ ನಡೆದುಕೊಂಡ ರೀತಿ ಇದನ್ನು ಸ್ಪಷ್ಟಪಡಿಸುತ್ತದೆ. ಮೊನಾಕೊ ಬಳಿ 1984ರಲ್ಲಿ ಅದು ಒಂದು ಚದರ ಮೀಟರ್‌ನಷ್ಟಿತ್ತು; ಯಾರೂ ತೆಗೆಯಲಿಲ್ಲ, ಲಂಗರು ಮತ್ತು ಬಲೆಗಳಿಗೆ ತುಂಡುತುಂಡಾಗಿ ಸಿಕ್ಕಿ ಮೆಡಿಟರೇನಿಯನ್ನಿನ ಸಾವಿರಾರು ಹೆಕ್ಟೇರ್ ತಳವನ್ನು ಹೊದ್ದಿತು. ಕ್ಯಾಲಿಫೋರ್ನಿಯಾದ ಹಿನ್ನೀರೊಂದರಲ್ಲಿ 2000ದಲ್ಲಿ ಅದು ಕಂಡಾಗ ಕೆಲವೇ ವಾರಗಳಲ್ಲಿ ಟಾರ್ಪಾಲು ಹೊದಿಸಿ ಒಳಗೆ ಕ್ಲೋರಿನ್ ಬಿಟ್ಟರು. 2006ರಲ್ಲಿ ನಿರ್ಮೂಲವಾಯಿತೆಂದು ಘೋಷಿಸಿದರು. ಆದ್ದರಿಂದ ಸಂಶಯ ಬಂದ ದಿನವೇ ಅರಣ್ಯ, ಕೃಷಿ ಅಥವಾ ಮೀನುಗಾರಿಕೆ ಇಲಾಖೆಗೆ ಚಿತ್ರಸಮೇತ ತಿಳಿಸಿ, ಒಪ್ಪಿಗೆ ಪಡೆಯಿರಿ.

ಗಿಡವನ್ನು ಕೈಯಿಂದ ಕೀಳುವುದಾದರೆ ಹೂ ಬಿಡುವ ಮೊದಲೇ, ಮಣ್ಣು ತೇವವಿರುವಾಗ, ಬೇರುಸಹಿತ ಕೀಳಬೇಕು. ಪಾರ್ಥೇನಿಯಂನಂತಹ ಗಿಡ ಮುಟ್ಟಿದರೆ ಹಲವರಿಗೆ ಚರ್ಮ ಉರಿಯುತ್ತದೆ, ಪರಾಗದಿಂದ ಉಸಿರಾಟದ ತೊಂದರೆಯೂ ಆಗುತ್ತದೆ. ಕೈಗವಸು, ಮುಖಗವಸು ಬೇಕೇ ಬೇಕು. ಕಾಂಡದ ತುಂಡಿನಿಂದ ಚಿಗುರುವ ಜಾತಿಯಾದರೆ ಕೊಚ್ಚುವುದು ಅದಕ್ಕೆ ಉಪಕಾರ ಮಾಡಿದಂತೆ. ಅಂಚಿನ ಚಿಕ್ಕ ಗುಂಪುಗಳಿಂದ ಆರಂಭಿಸಿ ನಡುವಿನ ದಟ್ಟ ಗುಂಪಿನ ಕಡೆಗೆ ಸಾಗಿ; ಹಬ್ಬುವಿಕೆಯನ್ನು ಮುನ್ನಡೆಸುವುದು ಅಂಚಿನ ಗುಂಪುಗಳು. ತೆರವಾದ ನೆಲವನ್ನು ಬರಿದಾಗಿ ಬಿಡದೆ ಸ್ಥಳೀಯ ಹುಲ್ಲು, ಸಸಿಗಳನ್ನು ಕೂಡಲೇ ನೆಡಿ.

ತವರಿನ ಶತ್ರುವನ್ನು ತಂದುಬಿಡುವ ಜೈವಿಕ ನಿಯಂತ್ರಣ ತಜ್ಞರ ಕೆಲಸ, ಖಾಸಗಿ ಪ್ರಯೋಗಕ್ಕೆ ಎಂದಿಗೂ ತಕ್ಕದ್ದಲ್ಲ. ಪಾಪಾಸುಕಳ್ಳಿ ಮುಚ್ಚಿಕೊಂಡಿದ್ದ ಆಸ್ಟ್ರೇಲಿಯಾದ ಜಮೀನುಗಳನ್ನು 1926ರಲ್ಲಿ ಬಿಟ್ಟ ಅರ್ಜೆಂಟೀನಾ ಮೂಲದ ಪತಂಗದ ಹುಳುಗಳು ಹತ್ತು ವರ್ಷದೊಳಗೆ ಬಿಡಿಸಿಕೊಟ್ಟವು. ದೈತ್ಯ ಬಸವನಹುಳುವನ್ನು ತಿನ್ನಲೆಂದು ಪೆಸಿಫಿಕ್‌ನ ಮೊರಿಯಾ ದ್ವೀಪಕ್ಕೆ 1977ರಲ್ಲಿ ತಂದ ಬೇಟೆಗಾರ ಬಸವನಹುಳುವಾದರೋ, ಅಲ್ಲಿ ಮಾತ್ರ ಇದ್ದ ಪಾರ್ಟುಲಾ ಎಂಬ ಪುಟ್ಟ ಮರಬಸವನಗಳನ್ನು ಹತ್ತು ವರ್ಷದಲ್ಲಿ ಕಾಡಿನಿಂದ ಅಳಿಸಿಹಾಕಿತು. ಕಳ್ಳಿಯ ಹುಳು ಕಳ್ಳಿಯನ್ನಲ್ಲದೆ ಬೇರೇನನ್ನೂ ತಿನ್ನುತ್ತಿರಲಿಲ್ಲ, ಬೇಟೆಗಾರ ಬಸವನಹುಳುವಿಗೆ ಆ ಮಿತಿ ಇರಲಿಲ್ಲ. ಎರಡಕ್ಕೂ ಇದ್ದ ವ್ಯತ್ಯಾಸ ಇಷ್ಟೇ.

ತೆಗೆಯುವ ಕ್ರಮವನ್ನೂ ಮೊದಲೇ ಯೋಚಿಸಬೇಕು. ಆಸ್ಟ್ರೇಲಿಯಾಕ್ಕೂ ಅಂಟಾರ್ಕ್ಟಿಕಾಕ್ಕೂ ನಡುವೆ ಇರುವ ಮಕ್ವಾರಿ ದ್ವೀಪದಲ್ಲಿ ಕಡಲಹಕ್ಕಿಗಳನ್ನು ಉಳಿಸಲೆಂದು 2000ದ ಹೊತ್ತಿಗೆ ಕಾಡುಬೆಕ್ಕುಗಳನ್ನೆಲ್ಲ ತೆಗೆದರು. ಬೆಕ್ಕುಗಳು ಮೊಲಗಳನ್ನೂ ತಿನ್ನುತ್ತಿದ್ದವು; ಮುಂದಿನ ವರ್ಷಗಳಲ್ಲಿ ಮೊಲಗಳು ಮಿತಿಮೀರಿ ಹೆಚ್ಚಿ ಇಳಿಜಾರುಗಳ ಹಸಿರನ್ನು ಬೋಳು ಮಾಡಿದವು. ಎರಡನೆಯ ಸಲ ಮೊಲ, ಇಲಿ, ಹೆಗ್ಗಣ ಮೂರನ್ನೂ ಒಟ್ಟಿಗೇ ಗುರಿಯಾಗಿಸಿದರು. ಕೊನೆಯ ಮೊಲ ಸಿಕ್ಕ ಮೇಲೂ ತಂಡಗಳು ವಾಸನೆ ಹಿಡಿಯುವ ನಾಯಿಗಳೊಡನೆ ಎರಡು ವರ್ಷಕ್ಕೂ ಹೆಚ್ಚು ಕಾಲ ದ್ವೀಪವನ್ನು ಸುತ್ತುತ್ತಲೇ ಇದ್ದವು, ಒಂದು ಹಿಕ್ಕೆಯೂ ಸಿಗದೆ ಹೋದ ಮೇಲಷ್ಟೇ 2014ರಲ್ಲಿ ಕೆಲಸ ಮುಗಿಯಿತೆಂದು ಹೇಳಿದರು. ನೀವು ತೆರವು ಮಾಡಿದ ಚೌಕಗಳಿಗೂ, ಮಣ್ಣಿನಲ್ಲಿ ಉಳಿದ ಬೀಜ ಪೂರ್ತಿ ಮುಗಿಯುವವರೆಗೆ, ಪ್ರತಿ ಮಳೆಗಾಲದ ನಂತರ ಹಾಗೆಯೇ ಹೋಗಿ ನೋಡಿ, ಶೂನ್ಯ ಕಂಡಾಗಲೂ ಶೂನ್ಯವೆಂದು ಬರೆದಿಡಿ.